ದೊಡ್ಡ ಕಾಯಿಲೆ ಪತ್ತೆಯಾದ ಮೇಲಿನ ಹತ್ತು ವರ್ಷ: ದುಡ್ಡಿನ ಲೆಕ್ಕ ಎಲ್ಲಿಂದ ಶುರು ಮಾಡಬೇಕು?

ಬಡ್ಡಿಲೆಕ್ಕ

ಕ್ಯಾನ್ಸರ್, ಕಿಡ್ನಿ ವೈಫಲ್ಯ, ಪಾರ್ಶ್ವವಾಯು, ಹೃದಯಾಘಾತ, ಯಾವುದೇ ಇರಲಿ, ಮನೆಯವರು ಮೊದಲು ಕೇಳುವುದು "ಆಸ್ಪತ್ರೆಗೆ ಎಷ್ಟಾಗುತ್ತೆ?" ಅಂತ. ಆ ಅಂಕಿ ಒಂದು ವಾರದೊಳಗೆ ಸಿಕ್ಕಿಬಿಡುತ್ತದೆ. ಸಂಸಾರ ಮುಗ್ಗರಿಸುವುದು ಸಾಮಾನ್ಯವಾಗಿ ಆ ಬಿಲ್ಲಿನಿಂದಲ್ಲ. ಬಿಲ್ ಕಟ್ಟಿ ಮನೆಗೆ ಬಂದ ಎರಡನೇ, ಮೂರನೇ ವರ್ಷ ಕೈ ಬರಿದಾಗುತ್ತದೆ. ಆದಾಯ ಇಳಿದಿರುತ್ತದೆ, ತಪಾಸಣೆ ಮುಂದುವರಿದಿರುತ್ತದೆ, ಉಳಿತಾಯ ಮಾತ್ರ ಮುಗಿದಿರುತ್ತದೆ.

ವಿಶ್ವ ಆರೋಗ್ಯ ಸಂಸ್ಥೆ ಮನೆಯ ಒಟ್ಟು ಖರ್ಚು ಅಥವಾ ಆದಾಯದ ಶೇ. 10ಕ್ಕಿಂತ ಹೆಚ್ಚು, ಇನ್ನೂ ಬಿಗಿಯಾದ ಅಳತೆಯಲ್ಲಿ ಶೇ. 25ಕ್ಕಿಂತ ಹೆಚ್ಚು, ಕೈಯಿಂದಲೇ ಚಿಕಿತ್ಸೆಗೆ ಹೋದರೆ ಅದನ್ನು ವಿಪರೀತದ ವೆಚ್ಚ ಎಂದು ಲೆಕ್ಕ ಹಾಕುತ್ತಾ ಬಂದಿತ್ತು. ಈ ಅಳತೆಯಲ್ಲಿ ಕಳೆದುಹೋದ ಸಂಬಳ ಬರುವುದೇ ಇಲ್ಲ. ನಾವು ಅದನ್ನೂ ಸೇರಿಸಿ ನೋಡಬೇಕು.

ಒಂದು ಸಣ್ಣ ಲೆಕ್ಕ. ವರ್ಷಕ್ಕೆ ಶೇ. 6 ಏರುವ ಸಂಬಳದವರು ಎರಡು ವರ್ಷ ಏರಿಕೆ ಇಲ್ಲದೆ ನಿಂತರು ಅಂದುಕೊಳ್ಳಿ. ಮತ್ತೆ ಪೂರ್ತಿ ಕೆಲಸಕ್ಕೆ ಬಂದ ಮೇಲೂ ಅವರ ಸಂಬಳ ಇರಬೇಕಾದ್ದಕ್ಕಿಂತ ಶೇ. 11ರಷ್ಟು ಕಡಿಮೆ. ಆ ಅಂತರ ನಿವೃತ್ತಿಯವರೆಗೂ ಜೊತೆಗೇ ಬರುತ್ತದೆ, ನಿವೃತ್ತಿ ನಿಧಿಗೆ ಹೋಗುವ ಪಾಲನ್ನೂ ಅಷ್ಟೇ ಕುಗ್ಗಿಸುತ್ತದೆ. ನೋಡಿಕೊಳ್ಳುವವರು ಕೆಲಸ ಬಿಟ್ಟರೆ ಇದೇ ಪೆಟ್ಟು ಎರಡನೇ ಸಲ. ಎಷ್ಟೋ ಮನೆಗಳಲ್ಲಿ ರೋಗಿಯ ಸಂಬಳದ ಲೆಕ್ಕ ಇರುತ್ತದೆ, ಹೆಂಡತಿಯೋ ಮಗಳೋ ಬಿಟ್ಟ ಕೆಲಸದ ಲೆಕ್ಕ ಯಾರೂ ಬರೆದಿರುವುದಿಲ್ಲ.

ಮೊದಲ ಒಂದು ತಿಂಗಳಲ್ಲಿ ತಿರುಗಿ ಸರಿಪಡಿಸಲಾಗದ ಮೂರು ಕೆಲಸ ಮಾಡಬೇಡಿ: ರಾಜೀನಾಮೆ, ಯಾವುದೇ ವಿಮೆಯ ಕಂತು ತಪ್ಪಿಸುವುದು, ನಿವೃತ್ತಿ ಹಣ ಒಡೆಯುವುದು. ಕೊನೆಯದರ ಬೆಲೆ ಹೀಗೆ: ಶೇ. 8ರಂತೆ ಬೆಳೆಯುವ ಹಣವನ್ನು ನಿವೃತ್ತಿಗೆ 20 ವರ್ಷ ಇರುವಾಗ ತೆಗೆದರೆ, ಆಗ ಸಿಗಬೇಕಿದ್ದ 4.66 ಪಟ್ಟು ಹಣ ಹೋದಂತೆ.

ಅವರವರ ಕ್ಷೇತ್ರದಲ್ಲಿ ತಿಳಿದದ್ದನ್ನು ಸೇರಿಸಿ. ಬೆಲೆ ಊರೂರಿಗೆ ಬೇರೆ, ಅದು ಬೇಡ. ಕ್ರಮ ಹೇಳಿ, ಎಲ್ಲಿ ಎಡವುತ್ತಾರೆ ಹೇಳಿ.

ಎಚ್‌ಆರ್_ಮೇಜು

ರಾಜೀನಾಮೆ ವಿಷಯ ನಾನು ಬಿಡಿಸಿ ಹೇಳುತ್ತೇನೆ. ಕಂಪನಿಯ ಗುಂಪು ಆರೋಗ್ಯ ವಿಮೆ, ಗುಂಪು ಜೀವ ವಿಮೆ, ಅಂಗವೈಕಲ್ಯದ ಆದಾಯ ವಿಮೆ ಇದ್ದರೆ ಅದೂ, ಎಲ್ಲ ಸಾಮಾನ್ಯವಾಗಿ ಕೆಲಸದ ಕೊನೆಯ ದಿನಕ್ಕೇ ಮುಗಿಯುತ್ತವೆ. ಕಾಯಿಲೆ ಇರುವವರಿಗೆ ಹೊರಗೆ ಹೊಸ ಪಾಲಿಸಿ ಸಿಗುವುದು ಕಷ್ಟ. ಹಾಗಾಗಿ ಸಂಬಳ ಇಲ್ಲದ ರಜೆಯಾದರೂ ಸರಿ, ಹೆಸರು ಹಾಜರಿ ಪುಸ್ತಕದಲ್ಲಿ ಉಳಿಯಲಿ.

ಕೇಳಬೇಕಾದ ಕ್ರಮ: ಸಂಬಳ ಸಹಿತ ಅನಾರೋಗ್ಯ ರಜೆ, ಗಳಿಕೆ ರಜೆ, ಅರ್ಧ ಸಂಬಳದ ರಜೆ ಇದ್ದರೆ ಅದು, ಕೊನೆಗೆ ಸಂಬಳ ರಹಿತ ರಜೆ. ಕೀಮೋ ಇರುವವರು ರಜೆಯನ್ನು ಒಂದೇ ಗಂಟಾಗಿ ತೆಗೆದುಕೊಳ್ಳುವ ಬದಲು ಬಿಡಿಬಿಡಿಯಾಗಿ ಕೊಡಿ ಎಂದು ಕೇಳಬೇಕು. ಮೂರು ವಾರಕ್ಕೊಂದು ಸುತ್ತು ಇದ್ದರೆ ಪ್ರತಿ ಸುತ್ತಿಗೂ ಸುಸ್ತಾಗಿ ಮಲಗುವ ದಿನಗಳು ಯಾವುವು ಎಂಬುದು ಎರಡನೇ ಸುತ್ತಿನ ಹೊತ್ತಿಗೆ ಗೊತ್ತಾಗಿರುತ್ತದೆ. ಆ ದಿನಗಳಿಗೆ ಮಾತ್ರ ರಜೆ ಹಾಕಿದರೆ ರಜೆ ಬಹಳ ದೂರ ಬರುತ್ತದೆ.

ಸಂಬಳ ರಹಿತ ರಜೆಯಲ್ಲಿ ಒಂದು ಹಳ್ಳ ಇದೆ. ವಿಮೆಗೆ ಉದ್ಯೋಗಿಯ ಪಾಲು ಸಂಬಳದಲ್ಲಿ ಕಡಿತವಾಗುತ್ತಿರುತ್ತದೆ. ಸಂಬಳವೇ ಇಲ್ಲದ ತಿಂಗಳು ಕಡಿತವೂ ಇಲ್ಲ, ಯಾರಿಗೂ ತಿಳಿಯದೆ ರಕ್ಷಣೆ ನಿಂತುಹೋಗಬಹುದು. "ರಜೆಯ ಅವಧಿಯಲ್ಲಿ ನನ್ನ ಪಾಲಿನ ಪ್ರೀಮಿಯಂ ಹೇಗೆ ಕಟ್ಟಬೇಕು, ಯಾವ ತಾರೀಖಿನೊಳಗೆ" ಎಂದು ಬರಹದಲ್ಲಿ ಕೇಳಿ, ಬರಹದಲ್ಲೇ ಉತ್ತರ ಪಡೆಯಿರಿ.

ಅಂಗವೈಕಲ್ಯ ಆದಾಯ ವಿಮೆ ಇರುವವರು ಒಂದು ಷರತ್ತು ಹುಡುಕಿ ಓದಿ. ಎಷ್ಟೋ ಗುಂಪು ಪಾಲಿಸಿಗಳು ಮೊದಲ 24 ತಿಂಗಳು "ನಿಮ್ಮ ಕೆಲಸ ಮಾಡಲು ಆಗದಿದ್ದರೆ" ಹಣ ಕೊಡುತ್ತವೆ, ಆಮೇಲೆ "ಯಾವ ಕೆಲಸವೂ ಮಾಡಲು ಆಗದಿದ್ದರೆ" ಮಾತ್ರ. 25ನೇ ತಿಂಗಳು ಹಣ ನಿಲ್ಲುವುದು ಇದರಿಂದಲೇ. ಗಡುವಿಗೆ ಆರು ತಿಂಗಳು ಮೊದಲೇ ವೈದ್ಯರಿಂದ, ಎಷ್ಟು ಹೊತ್ತು ಕೂರಬಲ್ಲರು, ಎಷ್ಟು ಭಾರ ಎತ್ತಬಲ್ಲರು, ಗಮನ ಎಷ್ಟು ಹೊತ್ತು ನಿಲ್ಲುತ್ತದೆ ಎಂದು ಅಳತೆ ಸಹಿತ ಬರೆಸಿಟ್ಟುಕೊಳ್ಳಿ. "ರೋಗಿ ಅಶಕ್ತರು" ಎಂಬ ಒಂದು ಸಾಲು ಯಾವ ಪಾಲಿಸಿಗೂ ಸಾಲದು.

ಕ್ಲೇಮ್_ಕಡತ

ವಿಮೆಯಲ್ಲಿ ಎರಡು ಜಾತಿ. ಒಂದು, ಆದ ಖರ್ಚನ್ನು ತುಂಬಿಕೊಡುವ ಆರೋಗ್ಯ ವಿಮೆ. ಇನ್ನೊಂದು, ರೋಗ ದೃಢಪಟ್ಟರೆ ಒಂದೇ ಗಂಟು ಕೊಡುವ ಗಂಭೀರ ಕಾಯಿಲೆ ವಿಮೆ. ಎರಡನೆಯದು ಹುಟ್ಟಿದ್ದೇ ಈ ಚರ್ಚೆಯ ವಿಷಯದಿಂದ. ದಕ್ಷಿಣ ಆಫ್ರಿಕಾದ ಹೃದಯ ಶಸ್ತ್ರಚಿಕಿತ್ಸಕ ಮಾರಿಯಸ್ ಬರ್ನಾರ್ಡ್ ಅವರ ಒತ್ತಾಸೆಯಿಂದ 1983ರಲ್ಲಿ ಇದು ಮಾರುಕಟ್ಟೆಗೆ ಬಂತು. ರೋಗಿಗಳು ಬದುಕಿ ಉಳಿಯುತ್ತಾರೆ, ಆದರೆ ಹಣದಲ್ಲಿ ಸಾಯುತ್ತಾರೆ ಎಂಬುದು ಅವರ ವಾದವಾಗಿತ್ತು.

ಗಂಟು ಹಣದ ಕ್ಲೇಮು ಬೀಳುವುದು ಬಹುಪಾಲು ಮೂರು ಕಡೆ. ವ್ಯಾಖ್ಯೆಯಲ್ಲಿ: ಹುಟ್ಟಿದ ಪದರ ದಾಟದ 'ಇನ್ ಸಿಟು' ಹಂತದ ಕ್ಯಾನ್ಸರನ್ನು ಬಹಳಷ್ಟು ಪಾಲಿಸಿಗಳು ಹೊರಗಿಡುತ್ತವೆ, ಹೃದಯಾಘಾತಕ್ಕೆ ಟ್ರೋಪೋನಿನ್ (ಹೃದಯದ ಸ್ನಾಯುವಿಗೆ ಪೆಟ್ಟಾದಾಗ ರಕ್ತದಲ್ಲಿ ಕಾಣುವ ಅಂಶ) ಏರಿಕೆ ಮತ್ತು ಇಸಿಜಿ ಬದಲಾವಣೆಯ ದಾಖಲೆ ಕೇಳುತ್ತವೆ. ಎರಡನೆಯದು ತಾರೀಖು: ಪಾಲಿಸಿ ಶುರುವಾದ ಮೊದಲ 90 ದಿನ ಕಾಯುವ ಅವಧಿ ಇರುವುದು ಸಾಮಾನ್ಯ. ಮೂರನೆಯದು ಬದುಕುಳಿಯುವ ಅವಧಿ, ಅಂದರೆ ರೋಗ ಪತ್ತೆಯಾದ ಮೇಲೆ ರೋಗಿ ಇಷ್ಟು ದಿನ ಬದುಕಿರಬೇಕು ಎಂಬ ಷರತ್ತು, ಸಾಮಾನ್ಯವಾಗಿ 14ರಿಂದ 30 ದಿನ. ಕ್ಯಾನ್ಸರಿಗೆ ಬಯಾಪ್ಸಿಯ ಹಿಸ್ಟೋಪೆಥಾಲಜಿ ವರದಿ, ಅಂದರೆ ತೆಗೆದ ತುಣುಕನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಬರೆದ ವರದಿ, ಬೇಕೇ ಬೇಕು. ಸ್ಕ್ಯಾನ್ ವರದಿಯಲ್ಲಿ "ಸಂಶಯ" ಅಂತ ಇರುತ್ತದೆ, ಅದರ ಮೇಲೆ ಕ್ಲೇಮು ಹಾಕಿದರೆ ವಾಪಸ್ ಬರುತ್ತದೆ.

ಈಗ ಖರ್ಚು ತುಂಬುವ ವಿಮೆ. ಇಲ್ಲಿ ಅತಿ ಹೆಚ್ಚು ಹಾನಿ ಮಾಡುವ ಕಾಗದ ಡಿಸ್ಚಾರ್ಜ್ ಸಮ್ಮರಿ. ಅದರಲ್ಲಿ ರೋಗದ ಹಿನ್ನೆಲೆ ಎಂಬ ಭಾಗ ಇರುತ್ತದೆ. ದಾಖಲಾದ ರಾತ್ರಿ ಕಿರಿಯ ವೈದ್ಯರು ಗಡಿಬಿಡಿಯಲ್ಲಿ ಕೇಳಿ ಬರೆದದ್ದು. "2 ತಿಂಗಳಿಂದ ನೋವು" ಎಂಬುದು "2 ವರ್ಷದಿಂದ ನೋವು" ಎಂದು ಬಿದ್ದರೆ, ಪಾಲಿಸಿ ಕೊಂಡದ್ದು ಒಂದು ವರ್ಷದ ಹಿಂದೆ ಆಗಿದ್ದರೆ, ಮೊದಲೇ ಇದ್ದ ಕಾಯಿಲೆ ಮುಚ್ಚಿಟ್ಟಿದ್ದೀರಿ ಎಂದು ಕ್ಲೇಮು ತಿರಸ್ಕಾರವಾಗುತ್ತದೆ. ಡಿಸ್ಚಾರ್ಜ್ ದಿನ ಬಿಲ್ ಕೌಂಟರಿಗೆ ಹೋಗುವ ಮೊದಲು ಕರಡು ಪ್ರತಿ ಕೇಳಿ ಪಡೆದು ಈ ನಾಲ್ಕು ನೋಡಿ: ಹೆಸರಿನ ಅಕ್ಷರ ಪಾಲಿಸಿಯಲ್ಲಿರುವಂತೆಯೇ ಇದೆಯೇ, ರೋಗಲಕ್ಷಣ ಎಷ್ಟು ಕಾಲದಿಂದ ಎಂದು ಬರೆದಿದೆ, ದಾಖಲಾದ ಕಾರಣ ಚಿಕಿತ್ಸೆಗೆ ಹೊಂದುತ್ತದೆಯೇ, ಶಸ್ತ್ರಚಿಕಿತ್ಸೆಯ ಹೆಸರು ಬಿಲ್ಲಿನಲ್ಲಿರುವುದೇ ಆಗಿದೆಯೇ. ತಪ್ಪಿದ್ದರೆ ಅಲ್ಲೇ ತಿದ್ದಿಸಿ, ತಿದ್ದಿದ ಜಾಗಕ್ಕೆ ವೈದ್ಯರ ಸಹಿ, ನೋಂದಣಿ ಸಂಖ್ಯೆ, ಮೊಹರು ಹಾಕಿಸಿ. ಕ್ಲೇಮು ಹೋದ ಮೇಲೆ ತಂದ ತಿದ್ದುಪಡಿಯನ್ನು ಅನುಮಾನದಿಂದಲೇ ನೋಡುತ್ತಾರೆ.

ಕೆಲವು ಪಾಲಿಸಿಗಳಲ್ಲಿ ಕೋಣೆ ಬಾಡಿಗೆಯ ಮಿತಿ ಇರುತ್ತದೆ. ಮಿತಿ 100 ಇದ್ದು 150ರ ಕೋಣೆ ಹಿಡಿದರೆ ಹೆಚ್ಚಿನ 50 ಮಾತ್ರ ನಿಮ್ಮದು ಅಂದುಕೊಳ್ಳುತ್ತಾರೆ. ಅನುಪಾತದ ಕಡಿತ ಇರುವ ಪಾಲಿಸಿಯಲ್ಲಿ ವೈದ್ಯರ ಶುಲ್ಕ, ಶಸ್ತ್ರಚಿಕಿತ್ಸಾ ಕೊಠಡಿ ಶುಲ್ಕ ಮುಂತಾದವಕ್ಕೂ ಮೂರರಲ್ಲಿ ಎರಡು ಪಾಲು ಮಾತ್ರ ಸಿಗುತ್ತದೆ. ಒಂದು ಕೋಣೆಯ ಆಯ್ಕೆಯಿಂದ ಇಡೀ ಬಿಲ್ಲಿನ ಮೂರನೇ ಒಂದು ಭಾಗದ ಹತ್ತಿರ ಕೈಯಿಂದ ಹೋಗಬಹುದು.

ತಿರಸ್ಕಾರ ಬಂದರೆ ಫೋನಿನಲ್ಲಿ ವಾದಿಸಬೇಡಿ. ತಿರಸ್ಕಾರಕ್ಕೆ ಕಾರಣವಾದ ಷರತ್ತಿನ ಸಂಖ್ಯೆಯನ್ನು ಬರಹದಲ್ಲಿ ಕೇಳಿ. ಆ ಷರತ್ತಿಗೆ ಮಾತ್ರ ಉತ್ತರ ಬರೆಯಿರಿ, ಜೊತೆಗೆ ಚಿಕಿತ್ಸೆ ಏಕೆ ಅಗತ್ಯವಿತ್ತು ಎಂಬ ವೈದ್ಯರ ಪತ್ರ. ಮೇಲ್ಮನವಿಯ ಗಡುವು ಪತ್ರದ ತಾರೀಖಿನಿಂದ ಎಣಿಕೆಯಾಗುತ್ತದೆ, ಲಕೋಟೆ ಎಸೆಯಬೇಡಿ.

ಆಂಕೊ_ನರ್ಸ್

ಚಿಕಿತ್ಸೆ ಆಯ್ಕೆ ಮಾಡುವ ಹೊತ್ತಿಗೇ ಹಣದ ಮಾತು ಆಡಬೇಕು. ರೋಗಿಗಳು ಸಂಕೋಚ ಪಡುತ್ತಾರೆ, ವೈದ್ಯರು ತಾವಾಗಿ ಎತ್ತುವುದಿಲ್ಲ. ಕೇಳಬೇಕಾದ ಪ್ರಶ್ನೆ ಒಂದೇ: "ಇಷ್ಟೇ ಫಲ ಕೊಡುವ, ಕಡಿಮೆ ಸಲ ಬರಬೇಕಾದ ಕ್ರಮ ಇದೆಯೇ?"

ಉದಾಹರಣೆಗೆ, ಸ್ತನ ಕ್ಯಾನ್ಸರಿಗೆ ವಿಕಿರಣವನ್ನು ಹಿಂದೆ 25 ದಿನ ಕೊಡುತ್ತಿದ್ದರು. 15 ದಿನದ ಕ್ರಮ ಈಗ ಎಲ್ಲೆಡೆ ಒಪ್ಪಿತ. 2020ರಲ್ಲಿ ಬ್ರಿಟನ್ನಿನ ಫಾಸ್ಟ್-ಫಾರ್ವರ್ಡ್ ಅಧ್ಯಯನ ಆಯ್ದ ರೋಗಿಗಳಿಗೆ ಒಂದೇ ವಾರದ 5 ಸಲದ ಕ್ರಮವೂ ಹಿಂದೆ ಬೀಳುವುದಿಲ್ಲ ಎಂದು ತೋರಿಸಿತು. ದೂರದಿಂದ ಬಂದು ಬಾಡಿಗೆ ಕೋಣೆಯಲ್ಲಿ ಉಳಿಯುವವರಿಗೆ ಐದು ವಾರಕ್ಕೂ ಮೂರು ವಾರಕ್ಕೂ ಇರುವ ವ್ಯತ್ಯಾಸ ದೊಡ್ಡದು. ಮೂಳೆಗೆ ಹರಡಿದಾಗ ಕೊಡುವ ಜೊಲೆಡ್ರೊನಿಕ್ ಆಮ್ಲವೂ ಹಾಗೆ. 4 ವಾರಕ್ಕೊಮ್ಮೆ ಕೊಡುವ ಬದಲು 12 ವಾರಕ್ಕೊಮ್ಮೆ ಸಾಕು ಎಂಬುದಕ್ಕೆ 2017ರಿಂದ ಗಟ್ಟಿ ಆಧಾರವಿದೆ. ಎಲ್ಲರಿಗೂ ಹೊಂದುತ್ತದೆ ಎಂದಲ್ಲ, ಕೇಳದಿದ್ದರೆ ಗೊತ್ತಾಗುವುದಿಲ್ಲ.

ಎರಡನೇ ಅಭಿಪ್ರಾಯಕ್ಕೆ ಹೋಗುವಾಗ ಬಯಾಪ್ಸಿಯ ಸ್ಲೈಡ್ ಮತ್ತು ಪ್ಯಾರಾಫಿನ್ ಬ್ಲಾಕ್ (ತೆಗೆದ ತುಣುಕನ್ನು ಮೇಣದಲ್ಲಿ ಕೂರಿಸಿಟ್ಟದ್ದು) ಕೇಳಿ ಒಯ್ಯಿರಿ. ಅದೇ ಬ್ಲಾಕಿನ ಮೇಲೆ ಮರುಪರೀಕ್ಷೆ ಆಗುತ್ತದೆ. ಇಲ್ಲದಿದ್ದರೆ ಮತ್ತೆ ಸೂಜಿ, ಮತ್ತೆ ಖರ್ಚು. ಸ್ಕ್ಯಾನಿನ ಮುದ್ರಿತ ಫಿಲ್ಮ್ ಸಾಲದು, ಸಿಡಿ ಅಥವಾ ಪೆನ್‌ಡ್ರೈವ್‌ನಲ್ಲಿ ಮೂಲ ಚಿತ್ರಗಳನ್ನೇ ಪಡೆಯಿರಿ.

ತಡವಾಗಿ ಬರುವ ಖರ್ಚುಗಳ ಬಗ್ಗೆ ಮೊದಲೇ ಯಾರೂ ಹೇಳುವುದಿಲ್ಲ. ಬಾಯಿ, ಗಂಟಲಿನ ಭಾಗಕ್ಕೆ ವಿಕಿರಣ ಕೊಟ್ಟರೆ ಜೊಲ್ಲು ಗ್ರಂಥಿ ಸೊರಗಿ ಬಾಯಿ ಒಣಗುತ್ತದೆ, ಹಲ್ಲು ಬೇಗ ಹುಳುಕಾಗುತ್ತವೆ. ವಿಕಿರಣ ತಗುಲಿದ ದವಡೆಯಲ್ಲಿ ಆಮೇಲೆ ಹಲ್ಲು ಕಿತ್ತರೆ ಮೂಳೆ ಮಾಯದೆ ಕೊಳೆಯುವ ಅಪಾಯವಿದೆ. ಕೀಳಬೇಕಾದ ಹಲ್ಲನ್ನು ವಿಕಿರಣಕ್ಕೆ ಎರಡು ಮೂರು ವಾರ ಮೊದಲೇ ಕೀಳಿಸಿ, ಗಾಯ ಮಾಯಲು ಬಿಡುತ್ತಾರೆ. ಹಲ್ಲಿನ ಖರ್ಚು ಆರೋಗ್ಯ ವಿಮೆಯಲ್ಲಿ ಹೆಚ್ಚಾಗಿ ಬರುವುದಿಲ್ಲ. ಕಂಕುಳಿನ ಗಂಟು ತೆಗೆದ ಮೇಲೆ ತೋಳು ಬಾತುಕೊಂಡರೆ ಒತ್ತು ತೋಳುಚೀಲ ಬೇಕು, ಅದರ ಬಿಗಿ ಸಡಿಲವಾಗುವುದರಿಂದ ಸುಮಾರು ಆರು ತಿಂಗಳಿಗೊಮ್ಮೆ ಬದಲಿಸಬೇಕು. ಸ್ತನ ಕ್ಯಾನ್ಸರಿನಲ್ಲಿ ಹಾರ್ಮೋನ್ ಮಾತ್ರೆ ಬೇಕಾದವರಿಗೆ ಅದು 5ರಿಂದ 10 ವರ್ಷ. ಮಕ್ಕಳಾಗಬೇಕು ಎನ್ನುವವರಿಗೆ ಅಂಡಾಣು, ವೀರ್ಯ ಶೇಖರಣೆ ಕೀಮೋಗೆ ಮುಂಚೆಯೇ ಆಗಬೇಕು. ಆಮೇಲೆ ವರ್ಷವರ್ಷವೂ ಶೇಖರಣೆಯ ಶುಲ್ಕ.

ಡಯಾಲಿಸಿಸ್_ತಂತ್ರಜ್ಞ

ಕಿಡ್ನಿಯವರ ಲೆಕ್ಕ ಬೇರೆಯೇ. ಯಂತ್ರದಿಂದ ರಕ್ತ ಶುದ್ಧಿ ಮಾಡುವ ಡಯಾಲಿಸಿಸ್ ಸಾಮಾನ್ಯವಾಗಿ ವಾರಕ್ಕೆ 3 ಸಲ, ಸಲಕ್ಕೆ 4 ಗಂಟೆ. ವರ್ಷಕ್ಕೆ 156 ಸಲ. ಯಂತ್ರದ ಶುಲ್ಕ ಎಲ್ಲಾದರೂ ಉಚಿತವಾಗಿ ಸಿಕ್ಕರೂ ಹೋಗುವುದು, ಬರುವುದು ಸೇರಿ 312 ಪ್ರಯಾಣ ನಿಮ್ಮದೇ, ಜೊತೆಗೆ ಬರುವವರ ಅರ್ಧ ದಿನವೂ ನಿಮ್ಮದೇ. ಸಾಧ್ಯವಿದ್ದರೆ ಸಂಜೆ ಪಾಳಿ ಕೇಳಿ, ಕೆಲಸ ಉಳಿಯುತ್ತದೆ. ಮನೆಯಲ್ಲೇ ಮಾಡುವ ಹೊಟ್ಟೆ ಡಯಾಲಿಸಿಸ್ ಹೊಂದುತ್ತದೆಯೇ ಎಂದು ಮೊದಲೇ ಕೇಳುವುದು ಕೆಲಸಕ್ಕೆ ಹೋಗುವವರಿಗೆ ಬಹಳ ಮುಖ್ಯ. ಕಸಿ ಮಾಡಿಸಿದರೆ ಖರ್ಚು ಮುಗಿಯಿತು ಅಂದುಕೊಳ್ಳಬೇಡಿ, ಪ್ರತಿರೋಧ ತಗ್ಗಿಸುವ ಮಾತ್ರೆ ಕಸಿ ಕಿಡ್ನಿ ಇರುವವರೆಗೂ ಬೇಕು.

ಫಾರ್ಮಸಿ_ಕೌಂಟರ್

ಅದಕ್ಕೇ ಸೇರಿಸುತ್ತೇನೆ. ಜನರಿಕ್ ಔಷಧದಲ್ಲಿ ಮೂಲ ಔಷಧದ್ದೇ ಅಂಶ, ಅದೇ ಪ್ರಮಾಣ. ಕ್ಯಾನ್ಸರಿನ ಎಷ್ಟೋ ಔಷಧಗಳಲ್ಲಿ ಉಳಿತಾಯ ಇರುವುದೇ ಇಲ್ಲಿ. ಆದರೆ ಕಸಿ ಆದವರು ನುಂಗುವ, ಪ್ರತಿರೋಧ ತಗ್ಗಿಸುವ ಟ್ಯಾಕ್ರೋಲಿಮಸ್‌ನಂಥ ಔಷಧಗಳಿಗೆ ರಕ್ತದಲ್ಲಿ ಇರಬೇಕಾದ ಮಟ್ಟದ ಪಟ್ಟಿ ಬಹಳ ಕಿರಿದು. ಅಂಗಡಿಯಲ್ಲಿ ಅಗ್ಗದ ಬ್ರ್ಯಾಂಡ್ ಸಿಕ್ಕಿತೆಂದು ತಾವಾಗಿ ಬದಲಿಸಬಾರದು. ವೈದ್ಯರಿಗೆ ಹೇಳಿ, ಬದಲಿಸಿದ ಮೇಲೆ ರಕ್ತದ ಮಟ್ಟ ಪರೀಕ್ಷಿಸಿ, ಆಮೇಲೆ ಅದೇ ಬ್ರ್ಯಾಂಡಿಗೆ ಅಂಟಿಕೊಳ್ಳಬೇಕು.

ಹಣ ಸಾಲದೆ ಮಾತ್ರೆಯನ್ನು ದಿನ ಬಿಟ್ಟು ದಿನ ನುಂಗುವವರು, ಅರ್ಧ ಮುರಿದು ನುಂಗುವವರು ಕೌಂಟರಿನಲ್ಲಿ ಕಾಣುತ್ತಾರೆ. ದಯವಿಟ್ಟು ಹಾಗೆ ಮಾಡುವ ಮೊದಲು ವೈದ್ಯರಿಗೆ ಬಾಯಿಬಿಟ್ಟು ಹೇಳಿ. ಕಸಿ ಕಿಡ್ನಿ ತಿರಸ್ಕಾರವಾದರೆ ಮತ್ತೆ ಡಯಾಲಿಸಿಸ್. ಹೃದಯದ ರಕ್ತನಾಳ ತೆರೆದಿಡುವ ಸ್ಟೆಂಟ್ ಹಾಕಿದ ಮೊದಲ ತಿಂಗಳುಗಳಲ್ಲಿ ರಕ್ತ ಹೆಪ್ಪುಗಟ್ಟದ ಮಾತ್ರೆ ಬಿಟ್ಟರೆ ಸ್ಟೆಂಟ್ ಒಳಗೇ ಕಟ್ಟಿಕೊಳ್ಳಬಹುದು. ಅಗ್ಗದ ಬದಲಿ, ತಯಾರಕರ ನೆರವು ಯೋಜನೆ, ಸರ್ಕಾರಿ ಸರಬರಾಜು, ಈ ಮೂರನ್ನೂ ವಿಚಾರಿಸದೆ ಯಾರೂ ಮಾತ್ರೆ ಬಿಡಬಾರದು.

ಹೊಸ_ಸದಸ್ಯ

ಗಂಭೀರ ಕಾಯಿಲೆ ವಿಮೆಯ ಗಂಟು ಬಂದರೆ ಅದರಲ್ಲಿ ಮನೆ ಸಾಲ ತೀರಿಸಿಬಿಡುವುದು ಒಳ್ಳೆಯದಲ್ಲವೇ? ಇಲ್ಲದಿದ್ದರೆ ಬ್ಯಾಂಕಿನಲ್ಲಿ ಒಂದು ವರ್ಷ ಕಂತು ನಿಲ್ಲಿಸಿ ಎಂದು ಕೇಳಬಹುದೇ?

ಬಡ್ಡಿಲೆಕ್ಕ

ಎರಡನೆಯ ಪ್ರಶ್ನೆ ಮೊದಲು. ಸಾಲ 1,00,000, ಬಡ್ಡಿ ಶೇ. 9, ಅವಧಿ 240 ತಿಂಗಳು ಅಂದುಕೊಳ್ಳಿ. ಕಂತು ಸುಮಾರು 900. ಸಾಲದ ಶುರುವಿನಲ್ಲೇ 12 ತಿಂಗಳು ಏನೂ ಕಟ್ಟದೆ ನಿಂತರೆ ಬಡ್ಡಿ ಅಸಲಿಗೆ ಸೇರಿ ಬಾಕಿ ಸುಮಾರು 1,09,400 ಆಗುತ್ತದೆ. ಮತ್ತೆ ಅದೇ 900 ಕಟ್ಟುತ್ತಾ ಹೋದರೆ ಬೇಕಾಗುವುದು 325 ತಿಂಗಳು. 12 ತಿಂಗಳ ಬಿಡುವಿಗೆ 85 ಹೆಚ್ಚುವರಿ ಕಂತು.

ಅದರ ಬದಲು ಆ 12 ತಿಂಗಳು ಬಡ್ಡಿ ಮಾತ್ರ, ಅಂದರೆ 750, ಕಟ್ಟುತ್ತೇನೆ ಎಂದು ಕೇಳಿ. ಬಾಕಿ ಬೆಳೆಯುವುದಿಲ್ಲ, ಆಮೇಲೆ ಮೊದಲಿನ 240 ಕಂತೇ. ಕೈಲಾಗುವವರಿಗೆ ಇದೇ ಸರಿ. ಸಾಲದ ಕೊನೆಯ ವರ್ಷಗಳಲ್ಲಿ ಬಡ್ಡಿಯ ಪಾಲು ಸಣ್ಣದಿರುವುದರಿಂದ ಬಡ್ಡಿ ಮಾತ್ರ ಕಟ್ಟುವುದು ಇನ್ನೂ ಹಗುರ. ಕಂತು ತಪ್ಪುವ ಮುಂಚೆಯೇ ಅರ್ಜಿ ಕೊಡಬೇಕು. ತಪ್ಪಿದ ಮೇಲೆ ಕೊಟ್ಟರೆ ಸುಸ್ತಿದಾರರ ಸಾಲಿನಲ್ಲಿ ನಿಲ್ಲಿಸುತ್ತಾರೆ.

ಗಂಟು ಹಣದ ಕ್ರಮ: ಮೊದಲು ಬಾಕಿ ಚಿಕಿತ್ಸೆಯ ನಿಮ್ಮ ಪಾಲು, ಆಮೇಲೆ 24 ತಿಂಗಳ ಮನೆ ಖರ್ಚು, ಆಮೇಲೆ ಕ್ರೆಡಿಟ್ ಕಾರ್ಡಿನಂಥ ದುಬಾರಿ ಸಾಲ. ಇಷ್ಟಾಗಿ ಉಳಿದರೆ ಮನೆ ಸಾಲ.

ಕ್ಲೇಮ್_ಕಡತ

ಮನೆ ಸಾಲ ತೀರಿಸುವ ಮುಂಚೆ ಇನ್ನೊಂದು ನೋಡಿ. ಸಾಲದ ಜೊತೆ ಸಾಲಗಾರರ ಜೀವ ವಿಮೆ ಸೇರಿದೆಯೇ? ಸೇರಿದ್ದರೆ, ಸಾಲ ತೀರಿಸಿದರೆ ಆ ರಕ್ಷಣೆಯೂ ಹೋಗಬಹುದು. ಹೊಸ ಜೀವ ವಿಮೆ ಸಿಗದ ಸ್ಥಿತಿಯಲ್ಲಿರುವವರು ಕೈಯಲ್ಲಿರುವ ರಕ್ಷಣೆಯನ್ನು ತಾವೇ ರದ್ದು ಮಾಡಿಕೊಂಡಂತೆ. ಪಾಲಿಸಿಯಲ್ಲಿ ಪ್ರೀಮಿಯಂ ಮನ್ನಾ ಷರತ್ತು (ಕಾಯಿಲೆ ಬಂದ ಮೇಲೆ ಕಂತು ಕಟ್ಟದೆಯೂ ರಕ್ಷಣೆ ಮುಂದುವರಿಯುವುದು) ಇದ್ದರೆ ಅದನ್ನೂ ಅರ್ಜಿ ಹಾಕಿ ಪಡೆಯಬೇಕು, ತಾನಾಗಿ ಬರುವುದಿಲ್ಲ.

ಎಚ್‌ಆರ್_ಮೇಜು

24 ತಿಂಗಳ ಖರ್ಚು ಕೈಯಲ್ಲಿಡಿ ಎನ್ನುವುದಕ್ಕೆ ನನ್ನ ಒಪ್ಪಿಗೆ ಅರ್ಧ. ಸರ್ಕಾರಿ ಕೆಲಸದಲ್ಲಿ, ದೀರ್ಘ ರಜೆಯ ಹಕ್ಕು ಇರುವವರಿಗೆ 12 ತಿಂಗಳು ಸಾಕು. ಸ್ವಂತ ವ್ಯಾಪಾರ, ದಿನಗೂಲಿಯವರಿಗೆ 24ಕ್ಕಿಂತಲೂ ಹೆಚ್ಚು ಬೇಕಾಗಬಹುದು. ರಜೆ ಎಂಬುದೇ ಇಲ್ಲ ಅವರಿಗೆ.

ಬಡ್ಡಿಲೆಕ್ಕ

ಸರಿ, ಒಪ್ಪಿದೆ. ಆದಾಯದ ಗಟ್ಟಿತನ ನೋಡಿಯೇ ತಿಂಗಳು ನಿಗದಿ ಮಾಡಬೇಕು. ದಿವಾಳಿತನ ಯಾರನ್ನು ಹೆಚ್ಚು ಹಿಡಿಯುತ್ತದೆ ಎಂಬುದಕ್ಕೆ ಅಮೆರಿಕದ ವಾಷಿಂಗ್ಟನ್ ರಾಜ್ಯದ ಅಧ್ಯಯನವಿದೆ, 2013ರಲ್ಲಿ ಪ್ರಕಟವಾದದ್ದು. ಕ್ಯಾನ್ಸರ್ ಬಂದವರು ದಿವಾಳಿಯಾಗುವ ಸಂಭವ ಬಾರದವರಿಗಿಂತ 2.65 ಪಟ್ಟು ಹೆಚ್ಚು. ಅದರಲ್ಲೂ ಹೆಚ್ಚು ಪೆಟ್ಟು ತಿಂದದ್ದು ಕಡಿಮೆ ವಯಸ್ಸಿನವರು. ಉಳಿತಾಯ ಬೆಳೆದಿರುವುದಿಲ್ಲ, ಸಾಲ ಹೊಸದು, ಮಕ್ಕಳು ಚಿಕ್ಕವರು.

ಆಂಕೊ_ನರ್ಸ್

ಗುಣವಾಗಿ ವರ್ಷಗಳಾದ ಮೇಲೂ ಸಾಲ, ವಿಮೆ ಅರ್ಜಿಯಲ್ಲಿ ಹಳೆಯ ಕಾಯಿಲೆ ಹಿಂಬಾಲಿಸುತ್ತದೆ. ಕೆಲವು ದೇಶಗಳು ಇದಕ್ಕೆ ಕಾನೂನು ಮಾಡಿವೆ. ಫ್ರಾನ್ಸಿನಲ್ಲಿ 2016ರಲ್ಲಿ, ಚಿಕಿತ್ಸೆ ಮುಗಿದು 10 ವರ್ಷ ಮರುಕಳಿಸದಿದ್ದರೆ ಸಾಲದ ವಿಮೆಗೆ ಕ್ಯಾನ್ಸರ್ ವಿಷಯ ಹೇಳಬೇಕಿಲ್ಲ ಎಂದಾಯಿತು, 2022ರಲ್ಲಿ ಅದು 5 ವರ್ಷಕ್ಕಿಳಿಯಿತು. ಇಂಥ ಕಾನೂನು ಇಲ್ಲದ ಕಡೆ ಮುಚ್ಚಿಡಬಾರದು, ಮುಂದೆ ಕ್ಲೇಮೇ ಬಿದ್ದುಹೋಗುತ್ತದೆ. ಹೇಳುವಾಗ ಚಿಕಿತ್ಸೆ ಮುಗಿದ ತಾರೀಖಿನ ಪತ್ರ, ಕೊನೆಯ ಸ್ಕ್ಯಾನ್ ವರದಿ ಜೊತೆಗಿಡಿ. ಅದಕ್ಕಾಗಿಯೇ "ಚಿಕಿತ್ಸೆ ಪೂರ್ಣಗೊಂಡಿದೆ" ಎಂದು ತಾರೀಖು ಸಹಿತ ಒಂದು ಪತ್ರ ಬರೆಸಿಟ್ಟುಕೊಳ್ಳಿ. ಐದು ವರ್ಷದ ನಂತರ ಕೇಳಿದರೆ ಆ ವೈದ್ಯರೇ ಬೇರೆ ಕಡೆ ಹೋಗಿರುತ್ತಾರೆ.

ಬಡ್ಡಿಲೆಕ್ಕ

ಕಾಗದಪತ್ರದ ಮಾತು ಬಂತು, ಇದನ್ನೂ ಮಾಡಿ. ರೋಗಿ ಅರಿವಿನಲ್ಲಿರುವಾಗಲೇ ಎಲ್ಲ ಖಾತೆಗಳ ನಾಮಿನಿ ಪರಿಶೀಲಿಸಿ. ತಮ್ಮ ಪರವಾಗಿ ವ್ಯವಹರಿಸಲು ಬೇರೆಯವರಿಗೆ ಬರೆದುಕೊಡುವ ಸಾಮಾನ್ಯ ಅಧಿಕಾರ ಪತ್ರ, ಅದನ್ನು ಕೊಟ್ಟವರ ಅರಿವು ತಪ್ಪಿದ ಮೇಲೂ ನಡೆಯುತ್ತದೆಯೇ ಎಂದು ವಕೀಲರನ್ನು ಕೇಳಿ, ಹಲವು ದೇಶಗಳ ಕಾನೂನಿನಲ್ಲಿ ಅದು ಅಲ್ಲಿಗೇ ಮುಗಿಯುತ್ತದೆ. ಮನೆ ಖರ್ಚಿನ ಖಾತೆ ಇಬ್ಬರಲ್ಲಿ ಯಾರು ಬೇಕಾದರೂ ನಡೆಸುವಂತಿರಲಿ. ಪಾರ್ಶ್ವವಾಯು ಬಡಿದ ಮನೆಗಳಲ್ಲಿ ಪದೇ ಪದೇ ಆಗುವ ಪೇಚು: ಹಣ ಖಾತೆಯಲ್ಲಿದೆ, ಒಟಿಪಿ ಬರುವ ಫೋನು ರೋಗಿಯ ಬೆರಳಚ್ಚಿಗೆ ಮಾತ್ರ ತೆರೆಯುತ್ತದೆ, ಪಿನ್ ಅವರಿಗೆ ನೆನಪಿಲ್ಲ. ವಿಮೆಯ ಕಂತು ಅದೇ ಖಾತೆಯಿಂದ ಸ್ವಯಂಚಾಲಿತವಾಗಿ ಹೋಗುತ್ತಿದ್ದರೆ ಅದರಲ್ಲಿ ಸಾಕಷ್ಟು ಹಣ ಇದೆಯೇ ಎಂದು ನೋಡಲೂ ಆಗುವುದಿಲ್ಲ.

ಕ್ಲೇಮ್_ಕಡತ

ನವೀಕರಣದ ತಾರೀಖು ಮನೆಯಲ್ಲಿ ಇಬ್ಬರ ಫೋನಿನಲ್ಲಿರಲಿ, 45 ದಿನ ಮೊದಲೊಮ್ಮೆ, 15 ದಿನ ಮೊದಲೊಮ್ಮೆ. ಪಾಲಿಸಿ ವರ್ಷ ಬದಲಾಗುವ ಹೊತ್ತಿಗೆ ಯೋಜಿತ ಶಸ್ತ್ರಚಿಕಿತ್ಸೆ ಇದ್ದರೆ ಎರಡು ಅಂಕಿ ಪಕ್ಕಪಕ್ಕ ಬರೆಯಿರಿ: ಈ ವರ್ಷದ ಮಿತಿಯಲ್ಲಿ ಉಳಿದಿರುವುದೆಷ್ಟು, ಹೊಸ ವರ್ಷದಲ್ಲಿ ನೀವು ಮತ್ತೆ ಮೊದಲಿಂದ ಕೈಯಿಂದ ಕಟ್ಟಬೇಕಾದ ಪಾಲೆಷ್ಟು. ವೈದ್ಯರು ಎರಡು ವಾರ ಆಚೀಚೆ ಆದರೆ ತೊಂದರೆ ಇಲ್ಲ ಎಂದರೆ ಮಾತ್ರ ಆ ಲೆಕ್ಕದ ಮೇಲೆ ದಿನ ಗೊತ್ತು ಮಾಡಿ.